ಸಹಿ ಹಾಕದ ದೊಡ್ಡವರು

ಮೂವತ್ತು ವರ್ಷ ಉದಕಮಂಡಲದ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಓಡಾಡಿದ ಮೇಲೆ ನನಗೆ ಕಳ್ಳರ ಮೇಲೆ ಅಂಥ ಸಿಟ್ಟೇನೂ ಉಳಿದಿಲ್ಲ. ಕಳ್ಳ ಸಿಕ್ಕಿಬಿದ್ದರೆ ತಲೆಯನ್ನಾದರೂ ತಗ್ಗಿಸುತ್ತಾನೆ. ನನಗೆ ಹೇಸಿಗೆ ಬರುವುದು ಬೇರೆ ಬಗೆಯವರನ್ನು ಕಂಡರೆ. ಮನೆಗೆ ಬಂದು, ಕೂತು, ಉಂಡು, ಮಾತಾಡಿ, ತಮ್ಮ ಕೆಲಸವನ್ನೆಲ್ಲ ಮಾಡಿಸಿಕೊಂಡು, ಕೊನೆಗೆ "ನಾನೆಲ್ಲಿ ಸಹಿ ಹಾಕಿದ್ದೆ?" ಎಂದು ಕೇಳುವವರು. ಅಂಥವರದೊಂದು ಇಡೀ ಕಂಪನಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಮ್ಮಜ್ಜ ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿ ಮಾರುಕಟ್ಟೆಯಲ್ಲಿ ತರಕಾರಿ ಮಂಡಿ ಇಟ್ಟವರು. ಹಾಗಾಗಿ ಸೋಲೂರು, ನಡುವಟ್ಟಂ ಕಡೆಯ ಬಡಗ ರೈತರಿಗೆ ನಾನು ಮೊದಲು ಮಂಡಿಯವರ ಮೊಮ್ಮಗಳು, ಆಮೇಲೆ ವಕೀಲಮ್ಮ. ನನ್ನ ಜೊತೆ ಅವರು ತಮ್ಮ ಮಾತನ್ನು ಸ್ವಲ್ಪ ಕನ್ನಡದ ಕಡೆಗೆ ಎಳೆಯುತ್ತಾರೆ ('ನಮ್ಮ' ಎನ್ನಲು 'ನಂಗ' ಎನ್ನುವುದು ಮಾತ್ರ ಬಿಡುವುದಿಲ್ಲ), ನಾನು ನನ್ನದನ್ನು ಸ್ವಲ್ಪ ಆ ಕಡೆಗೆ ತಳ್ಳುತ್ತೇನೆ. ಕೋರ್ಟಿನ ಜಗಲಿಗೆ ಬಂದರೆ ಇಬ್ಬರೂ ತಮಿಳಿಗೆ ಇಳಿಯುತ್ತೇವೆ.

ಸೋಲೂರಿನ ಮೇಲಿನ ಒಂದು ಹಟ್ಟಿಯಿಂದ ನಾಲ್ವರು ಅಣ್ಣತಮ್ಮಂದಿರು ಬಂದರು. ಹಟ್ಟಿ ಎಂದರೆ ಸಾಲಾಗಿ ಮನೆಗಳಿರುವ ಪುಟ್ಟ ಊರು. ಚಹಾ ಗಿಡಗಳಿದ್ದ ತಮ್ಮ ಗುಡ್ಡದ ಮಗ್ಗುಲೊಂದನ್ನು ರೆಸಾರ್ಟ್ ಕಟ್ಟಲು ಗುತ್ತಿಗೆಗೆ ಕೊಡಲು ಒಪ್ಪಿಕೊಂಡು ಬಂದಿದ್ದರು. ಆ ಮಗ್ಗುಲಿನ ಮೇಲ್ಭಾಗದಲ್ಲಿ ಒಂದು ಒರತೆ. ಬೇಸಿಗೆಯಲ್ಲೂ ಬತ್ತದ ಆ ನೀರು ಕಾಲುವೆಯಲ್ಲಿ ಇಳಿದು ಐದು ಮನೆಗಳ ಹಿತ್ತಲಿಗೆ ಬರುತ್ತಿತ್ತು. ನಾಲ್ಕು ಮನೆ ಅಣ್ಣತಮ್ಮಂದಿರದು. ಕಾಲುವೆಯ ಕೊನೆಗಿದ್ದ ಐದನೆಯದು ಅವರ ಅಕ್ಕನದು. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದ ಆಕೆಗೆ ಅಪ್ಪ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದ ಮನೆ, ಜೊತೆಗೊಂದು ತುಂಡು ಹೊಲ. ಅದರಲ್ಲಿ ಕ್ಯಾರೆಟ್, ಬೆಳ್ಳುಳ್ಳಿ ಬೆಳೆದುಕೊಂಡು ಯಾರ ಹಂಗೂ ಇಲ್ಲದೆ ಬದುಕಿದ್ದಳು. ಪಟ್ಟಾದಲ್ಲಿ, ಅಂದರೆ ಜಮೀನಿನ ಹಕ್ಕುಪತ್ರದಲ್ಲಿ, ಹೆಸರಿಲ್ಲದ್ದರಿಂದ ಗುತ್ತಿಗೆಯ ಬಗ್ಗೆ ಆಕೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕರಾರಿನ ಕರಡು ಕಂಪನಿಯವರದೇ. ನಾನು ಹಟ ಹಿಡಿದು ಒಂದು ಷರತ್ತು ಸೇರಿಸಿದೆ. ಒರತೆಯನ್ನೂ ಕಾಲುವೆಯನ್ನೂ ಮುಟ್ಟಕೂಡದು, ಮುಟ್ಟಿದರೆ ಮೊದಲಿದ್ದಂತೆ ಮಾಡಿಕೊಡಬೇಕು. ಅವರೂ ಒಂದು ಷರತ್ತು ಸೇರಿಸಿದರು. ಏನೇ ತಕರಾರು ಬಂದರೂ ಕೋರ್ಟಿಗೆ ಹೋಗಬಾರದು, ಆರ್ಬಿಟ್ರೇಷನ್ನಿಗೆ, ಅಂದರೆ ಒಬ್ಬ ಮಧ್ಯಸ್ಥನ ಮುಂದೆ ಹೋಗಿ ತೀರಿಸಿಕೊಳ್ಳಬೇಕು. ಎಲ್ಲ ಕರಾರುಗಳಲ್ಲೂ ಇರುವ ಸಾಲು ಅದು. ಪಾಯಸಕ್ಕೆ ಹಾಕುವ ಗೋಡಂಬಿಯ ಹಾಗೆ ಯಾರೂ ಅದನ್ನು ಎಣಿಸುವುದಿಲ್ಲ.

ಸಹಿಯ ದಿನ ಕೊಯಮತ್ತೂರಿನಿಂದ ಎರಡು ಕಾರುಗಳಲ್ಲಿ ಜನ ಬಂದರು. ಮುಂದಿನ ಕಾರಿನಿಂದ ಇಳಿದವರು ಇಡೀ ಸಮೂಹದ ಒಡೆಯರು. ಕಾಲೇಜು, ಗಿರಣಿ, ಆಸ್ಪತ್ರೆ ಎಂದು ಅವರ ಕಂಪನಿಗಳು ಎಷ್ಟಿದ್ದವೋ ಅವರಿಗೂ ನೆನಪಿತ್ತೋ ಇಲ್ಲವೋ. ಹಿರಿಯಣ್ಣನ ಮನೆಯ ಒಳ್ಳೆಯ ಕುರ್ಚಿಯಲ್ಲಿ ಕೂತು ರಾಗಿ ಹಿಟ್ಟಿನ ಮುದ್ದೆ, ಅವರೆ ಸಾರು ಉಂಡರು. ಊಟವಾದ ಮೇಲೆ ಕೋಲೊಂದನ್ನು ಹಿಡಿದು ಗುಡ್ಡ ಹತ್ತಿ, ಇಲ್ಲಿ ಕಾಟೇಜು, ಇಲ್ಲಿ ರಸ್ತೆ, ಇಲ್ಲೊಂದು ಗೋಡೆ ಎಂದು ನೆಲದ ಮೇಲೆ ಗೆರೆ ಎಳೆದರು. ಒರತೆಯ ಮುಂದೆ ನಿಂತು ಚಪ್ಪಲಿ ಕಳಚಿ ಕೈ ಮುಗಿದರು. "ಇದು ನನ್ನ ತಾಯಿ ಇದ್ದ ಹಾಗೆ" ಎಂದು ತಮಿಳಿನಲ್ಲಿ ಹೇಳಿದರು. ಅಣ್ಣತಮ್ಮಂದಿರ ಕಣ್ಣು ಒದ್ದೆಯಾಯಿತು. ಇಂಥ ನಾಟಕಕ್ಕೆ ಕರಗುವವರನ್ನು ಕಂಡಾಗೆಲ್ಲ ನನಗೆ ಹಲ್ಲು ಕಡಿಯುವಂತಾಗುತ್ತದೆ.

ಮನೆಗೆ ಮರಳಿದ ಮೇಲೆ ಕಾಗದ ಹೊರಗೆ ಬಂದಾಗ ಪೆನ್ನು ತೆಗೆದದ್ದು ಮಾತ್ರ ಎರಡನೆಯ ಕಾರಿನಲ್ಲಿ ಬಂದಿದ್ದ, ಆವರೆಗೆ ತುಟಿ ಬಿಚ್ಚದಿದ್ದ ಒಬ್ಬ ಸಣಕಲು ಮನುಷ್ಯ. ಈ ಗುತ್ತಿಗೆಗೆಂದೇ ಹುಟ್ಟುಹಾಕಿದ್ದ ಮರಿ ಕಂಪನಿಗೆ ಆತ ನಿರ್ದೇಶಕನಂತೆ. ಆತನ ಕೋಟಿನ ತೋಳು ಬೆರಳಿನವರೆಗೆ ಇಳಿದಿತ್ತು. ಕರಾರಿನ ತುಂಬ ಆ ಮರಿಯ ಹೆಸರೇ, ಅದನ್ನು ಹುಟ್ಟಿಸಿದ ಒಡೆಯರ ತಾಯಿ ಕಂಪನಿಯ ಹೆಸರು ಒಂದು ಕಡೆಯೂ ಇಲ್ಲ. ನಾನು ಹಿರಿಯಣ್ಣನನ್ನು ಪಕ್ಕಕ್ಕೆ ಕರೆದು, ದೊಡ್ಡವರ ಸಹಿಯೂ ಒಂದಿರಲಿ ಎಂದೆ.

ಆತ ಬೆಚ್ಚಿಬಿದ್ದ. "ಅಯ್ಯೋ ವಕೀಲಮ್ಮ, ಅದು ಮರ್ಯಾದೆ ಇಲ್ಲೆ. ದೊಡ್ಡವ ಬಾಯಿ ಬಿಟ್ಟು ಹೇಳಿದರೆ ಮುಗಿದುದು. ಕೈ ಹಾಕುದು ಚಿಕ್ಕವನ ಕೆಲಸ. ನಂಗ ಕೂಟದಲಿ ಗೌಡ ಎಲ್ಲಿಯಾದರೂ ಸಹಿ ಹಾಕಿದ್ದು ಕಂಡಿದ್ದೀರಾ?"

ಆ ಹಟ್ಟಿಯ ಪದ್ಧತಿ ಹಾಗೆ. ಹತ್ತು ಜನ ಕೂಡಿದಲ್ಲಿ ಹಿರಿಯ ಒಂದು ಮಾತು ಹೇಳಿದರೆ ಅದು ಅವನ ಮನೆಗೂ ಮಕ್ಕಳಿಗೂ ಕಟ್ಟು. ಅವನಿಂದ ಬರವಣಿಗೆ ಕೇಳಿದರೆ ಅವನ ನಾಲಿಗೆಯನ್ನೇ ಅನುಮಾನಿಸಿದ ಹಾಗೆ. ಬೇರೆ ಊರಿನ ರೈತರಾಗಿದ್ದರೆ ದೊಡ್ಡ ಮನುಷ್ಯ ಸಹಿ ಹಾಕದ್ದನ್ನು ಕಂಡು ಹೆದರುತ್ತಿದ್ದರು. ಇವರು ಹಿಗ್ಗಿದರು. ಕುರ್ಚಿಯಲ್ಲಿ ಕೂತಿದ್ದ ಒಡೆಯರಿಗೆ ನಮ್ಮ ಪಿಸುಮಾತು ಅರ್ಥವಾಯಿತೆಂದು ಕಾಣುತ್ತದೆ, ನನ್ನ ಕಡೆ ನೋಡಿ ನಕ್ಕರು. ನಾನು ಇನ್ನೂ ಎರಡು ಮಾತು ಆಡಬಹುದಿತ್ತು. ಮೂರೂವರೆಯ ಬಸ್ಸು ಹಿಡಿಯಬೇಕಿತ್ತು, ಸುಮ್ಮನಾದೆ. ಈ ಕಥೆಯಲ್ಲಿ ನಾನು ತಿರಸ್ಕರಿಸುವವರ ಪಟ್ಟಿಯಲ್ಲಿ ಆ ಬಸ್ಸಿಗೆ ಓಡಿದ ಹೆಂಗಸೂ ಇದ್ದಾಳೆ.

ಎರಡು ಮಳೆಗಾಲ ಕಳೆಯುವುದರಲ್ಲಿ ಗೋಡೆ ಎದ್ದಿತು. ಒರತೆಯ ಕೆಳಗೇ, ಆಳೆತ್ತರದ ಕಲ್ಲಿನ ಗೋಡೆ. ನೀರನ್ನೆಲ್ಲ ಅಲ್ಲೇ ತಡೆದು ಅತಿಥಿಗಳಿಗೆಂದು ಒಂದು ಕೊಳ ಮಾಡಿದರು. ಅದರ ದಡದಲ್ಲಿ ಸಿಮೆಂಟಿನ ಎರಡು ಬಾತುಕೋಳಿ. ಕೆಳಗೆ ಐದು ಮನೆಗಳ ಕಾಲುವೆ ಒಣಗಿತು. ಅಣ್ಣತಮ್ಮಂದಿರಿಗೆ ಪಂಚಾಯತಿಯ ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆಯಾದರೂ ಕುಡಿಯುವ ನೀರು ಬರುತ್ತಿತ್ತು. ಕೊನೆಯ ಮನೆಗೆ ಆ ನಲ್ಲಿಯೂ ಇರಲಿಲ್ಲ. ಅಕ್ಕ ರಸ್ತೆಯ ಎರಡು ತಿರುವು ಇಳಿದು ಕೊಡದಲ್ಲಿ ನೀರು ಹೊರಬೇಕಾಯಿತು. ಎಪ್ಪತ್ತು ದಾಟಿದ ಮೊಣಕಾಲು, ಹೊಲಕ್ಕೆಷ್ಟು ಹೊತ್ತೀತು? ಬೆಳ್ಳುಳ್ಳಿ ನಿಂತಲ್ಲೇ ಹಳದಿಯಾಯಿತು. ನೀರು ಬಂದರೆ ಆಕೆ ಆ ಮನೆಯಲ್ಲಿ ಉಳಿಯಬಹುದು, ಬಾರದಿದ್ದರೆ ತಮ್ಮಂದಿರ ಯಾವುದಾದರೂ ಅಡುಗೆಮನೆಯ ಮೂಲೆಗೆ ಹೋಗಿ ಬೀಳಬೇಕು. ವ್ಯಾಜ್ಯವೆಲ್ಲ ಇದ್ದದ್ದು ಇಷ್ಟಕ್ಕೆ.

ನೋಟಿಸು ಕೊಟ್ಟೆವು. ಮರಿ ಕಂಪನಿ ಉತ್ತರ ಬರೆಯಿತು. ನಮ್ಮ ಬಳಿ ಆಳಿಲ್ಲ, ಯಂತ್ರವಿಲ್ಲ, ಗೋಡೆ ಕಟ್ಟಿಸಿದವರು ನಾವಲ್ಲ, ಮುಟ್ಟುವ ಅಧಿಕಾರ ನಮಗಿಲ್ಲ. ಹೋಗಿ ನೋಡಿದರೆ ನಿಜವೇ. ಅದರ ಕಚೇರಿ ಎಂದರೆ ಯಾವುದೋ ಮಳಿಗೆಯ ಮೆಟ್ಟಿಲ ಕೆಳಗೆ ಗೋಡೆಗೆ ಹೊಡೆದ ಒಂದು ಹಲಗೆ. ಗೋಡೆಯ ಗುತ್ತಿಗೆದಾರನಿಗೆ ಕೆಲಸ ಒಪ್ಪಿಸಿದ್ದು ತಾಯಿ ಕಂಪನಿ, ಮ್ಯಾನೇಜರನಿಗೆ ಸಂಬಳ ತಾಯಿ ಕಂಪನಿಯದು, ಬಾತುಕೋಳಿಯೂ ತಾಯಿ ಕಂಪನಿಯದೇ. ತಾಯಿ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಅವಮಾನ ನಾನು ಕಂಡಿಲ್ಲ. ತನ್ನ ಮರಿಯನ್ನು ಬೀದಿಯಲ್ಲಿ ನಿಲ್ಲಿಸಿ ಅದರ ಬೆನ್ನ ಹಿಂದೆ ಅವಿತುಕೊಳ್ಳುವ ತಾಯಿ ಯಾವ ಪ್ರಾಣಿಯಲ್ಲಿದೆ?

ಇಬ್ಬರ ಮೇಲೂ ಊಟಿ ಕೋರ್ಟಿನಲ್ಲಿ ದಾವೆ ಹಾಕಿದೆ. ಕರಾರಿನಲ್ಲಿ ಆರ್ಬಿಟ್ರೇಷನ್ ಇದೆ, ಅಲ್ಲಿಗೆ ಕಳಿಸಿ ಎಂದು ಮರಿ ಅರ್ಜಿ ಕೊಟ್ಟಿತು. ತಾಯಿಯ ವಕೀಲರು ಎದ್ದು, "ನಮ್ಮದೂ ಅದೇ ಮಾತು" ಎಂದು ಬಾಯಲ್ಲಿ ಹೇಳಿ ಕೂತರು. ಕೋರ್ಟು ಕಳಿಸಿತು. ಹೈಕೋರ್ಟು ನೇಮಿಸಿದ ನಿವೃತ್ತ ನ್ಯಾಯಾಧೀಶರೊಬ್ಬರು ಮಧ್ಯಸ್ಥರಾದರು. ಕರಾರಿನಲ್ಲಿ ಜಾಗ ಕೊಯಮತ್ತೂರು ಎಂದಿದ್ದರೂ ಅಲ್ಲಿನ ಸೆಖೆಗಿಂತ ನಮ್ಮ ಚಳಿ ಮೇಲೆನಿಸಿ ಅವರು ಊಟಿಯ ಹೋಟೆಲೊಂದರ ಮೀಟಿಂಗ್ ಹಾಲಿನಲ್ಲೇ ಕೂತರು. ಮೊದಲನೆಯ ದಿನವೇ ಅದೇ ವಕೀಲರು ಅದೇ ಕೋಟಿನಲ್ಲಿ ಎದ್ದು ನಿಂತು, "ನಾವು ಈ ಕರಾರಿಗೆ ಸಹಿ ಹಾಕಿಲ್ಲ. ನಮ್ಮನ್ನು ಇಲ್ಲಿಗೆ ಎಳೆಯುವಂತಿಲ್ಲ" ಎಂದರು. ಕೋರ್ಟಿನಲ್ಲಿ ಕೇಳಿದರೆ ಆರ್ಬಿಟ್ರೇಷನ್ನಿಗೆ ಹೋಗು, ಆರ್ಬಿಟ್ರೇಷನ್ನಿಗೆ ಹೋದರೆ ನಾನ್ಯಾರೋ ನೀನ್ಯಾರೋ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಸಹಿ ಇಲ್ಲ ಎಂಬುದೊಂದರಿಂದಲೇ ಯಾರೂ ಪಾರಾಗುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಮಾತುಕತೆಯಲ್ಲಿ, ಕೆಲಸ ನಡೆಸುವುದರಲ್ಲಿ ಕೈಯಿಟ್ಟು, ಒಪ್ಪಿದವರ ಹಾಗೆಯೇ ನಡೆದುಕೊಂಡಿದ್ದರೆ ಸಹಿ ಹಾಕದ ಕಂಪನಿಯೂ ಕಟ್ಟುಬೀಳುತ್ತದೆ. ಆದರೆ ಒಂದೇ ಸಮೂಹದವರು ಎಂದು ತೋರಿಸಿದರಷ್ಟೇ ಸಾಲದು, ಕರಾರಿಗೆ ಒಳಪಡುವ ಮನಸ್ಸಿತ್ತೆಂದು ನಡತೆಯಿಂದ ತೋರಿಸಬೇಕು. ನನ್ನ ಬಳಿ ಇದ್ದದ್ದು ನಾಲ್ವರು ಮುದುಕರ ಬಾಯಿಮಾತು. ಒಡೆಯರು ಬಂದರು, ಉಂಡರು, ಕೋಲಿನಿಂದ ಗೆರೆ ಎಳೆದರು ಎಂದು ಅವರು ಹೇಳಿದರು. ಎದುರಿನ ವಕೀಲರು ನಯವಾಗಿ ನಕ್ಕು, "ಅದೊಂದು ಸೌಜನ್ಯದ ಭೇಟಿ" ಎಂದರು. ಉಂಡೂ ಹೋದ, ಕೊಂಡೂ ಹೋದ ಎನ್ನುವುದಕ್ಕೆ ಈಗ ಸೌಜನ್ಯ ಎಂದು ಹೆಸರು! ಗುತ್ತಿಗೆದಾರನ ಕಾಗದ ಕೇಳಿದರೆ, ಮರಿ ಕಂಪನಿಗೆ ಒಂದು ಉಪಕಾರ ಮಾಡಿಕೊಟ್ಟೆವು ಎಂದರು. ಮಧ್ಯಸ್ಥರು ಗಲ್ಲ ಕೆರೆದುಕೊಳ್ಳುತ್ತಿದ್ದರು. ಕೇಸು ಕೈ ಜಾರುತ್ತಿದೆ ಎಂದು ನನಗೆ ಗೊತ್ತಾಯಿತು.

ಅದನ್ನು ಉಳಿಸಿದ್ದು ನನ್ನ ಓದಲ್ಲ, ಒಂದು ಹಾರೆ.

ಒಂದು ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ, ಅತಿಥಿಗಳು ದೋಸೆ ತಿನ್ನುತ್ತ ನೋಡುತ್ತಿದ್ದಂತೆ, ಅಕ್ಕ ಹಾರೆ ಹಿಡಿದು ಗುಡ್ಡ ಹತ್ತಿ ಗೋಡೆಯ ಬುಡದಿಂದ ಒಂದೊಂದೇ ಕಲ್ಲು ಎಬ್ಬಿಸತೊಡಗಿದಳು. ಏಳೋ ಎಂಟೋ ಕಲ್ಲು ಎದ್ದಿದ್ದವು. ಹಿಂದಿನ ಕಾಂಕ್ರೀಟು ಬಗ್ಗಲಿಲ್ಲ. ಮ್ಯಾನೇಜರು ಪೊಲೀಸರನ್ನು ಕರೆದ. ನಾನು ಠಾಣೆಗೆ ಹೋದಾಗ ಆಕೆ ಬಡಗ ಹೆಂಗಸರು ಉಡುವ ಬಿಳಿಯ ಮುಂಡನ್ನು ಸರಿಮಾಡಿಕೊಂಡು ಬೆಂಚಿನ ಮೇಲೆ ನೆಟ್ಟಗೆ ಕೂತು, ಪೊಲೀಸರು ತರಿಸಿಕೊಟ್ಟ ಚಹಾ ಕುಡಿಯುತ್ತಿದ್ದಳು. ಇನ್ಸ್‌ಪೆಕ್ಟರು ದೂರಿನ ಪ್ರತಿಯನ್ನು ನನ್ನ ಕೈಗೆ ಕೊಟ್ಟರು.

ನಿಂತಲ್ಲೇ ಓದಿದೆ. ತಾಯಿ ಕಂಪನಿಯ ಹೆಸರಿದ್ದ ದಪ್ಪ ಕಾಗದ. "ಸದರಿ ಸಹೋದರರಿಂದ ನಾವು ಗುತ್ತಿಗೆಗೆ ಪಡೆದು, ನಾವೇ ನಡೆಸುತ್ತಿರುವ ರೆಸಾರ್ಟಿನಲ್ಲಿ, ನಾವೇ ಕಟ್ಟಿಸಿದ ಗೋಡೆಯನ್ನು" ಎಂದು ಮೊದಲ ಸಾಲಿನಲ್ಲೇ ಮೂರು ಸಲ 'ನಾವು'. ಕೆಳಗೆ ನೀಲಿ ಶಾಯಿಯಲ್ಲಿ, ಆ ವಾರ ರೆಸಾರ್ಟಿನಲ್ಲೇ ತಂಗಿದ್ದ ಒಡೆಯರ ಸಹಿ, ಅಂಕುಡೊಂಕಾಗಿ, ಅರ್ಧ ಪುಟ ತುಂಬಿಕೊಂಡು. ತಮ್ಮ ವಕೀಲರಿಗೆ ಕೊಟ್ಟ ವಕಾಲತ್ತು ಬಿಟ್ಟರೆ ಈ ಇಡೀ ವ್ಯವಹಾರದಲ್ಲಿ ಆ ಮನುಷ್ಯ ಮೊದಲ ಸಲ ಪೆನ್ನು ಬಿಚ್ಚಿದ್ದು ಒಬ್ಬ ಮುದುಕಿಯನ್ನು ಹಿಡಿಸಲಿಕ್ಕೆ. ನಾನು ಠಾಣೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ.

"ಏಕೆ ನಗುತ್ತೀ?" ಎಂದಳು ಅಕ್ಕ.

"ಅಕ್ಕಾ, ನೀನು ಗೋಡೆ ಕೆಡವಿಯಾಯಿತು" ಎಂದೆ.

"ಎಲ್ಲಿ? ಕಲ್ಲು ಮಾತ್ರ ಬಂತು. ನೀರು ಬಂದಿಲ್ಲೆ."

ಇನ್ಸ್‌ಪೆಕ್ಟರು ಎಚ್ಚರಿಕೆ ಕೊಟ್ಟು ಆಕೆಯನ್ನು ಅಂದೇ ಬಿಟ್ಟರು. ಆರ್ಬಿಟ್ರೇಷನ್ನಿನ ಮುಂದಿನ ವಿಚಾರಣೆಗೆ ಆಕೆಯನ್ನೂ ಕರೆದುಕೊಂಡು ಹೋದೆ. ಹಾಲಿನ ಹಿಂದಿನ ಸಾಲಿನಲ್ಲಿ ತಮ್ಮಂದಿರ ಪಕ್ಕ ಕೂತಳು. ನಾನು ದೂರಿನ ಪ್ರತಿಯನ್ನು ಮಧ್ಯಸ್ಥರ ಮುಂದಿಟ್ಟು ಮೂರು 'ನಾವು'ಗಳನ್ನು ಒಂದೊಂದಾಗಿ ಓದಿ ಹೇಳಿದೆ. ಎದುರಿನ ವಕೀಲರು ಮೊದಲು, ಗುಮಾಸ್ತ ಬರೆದದ್ದು ಎಂದರು. ಒಡೆಯರು ಓದದೆ ಸಹಿ ಹಾಕುವವರೇ ಎಂದು ಮಧ್ಯಸ್ಥರು ಕೇಳಿದ್ದೇ ತಡ, ಅವರು ಆ ವಾದ ಬಿಟ್ಟು ಇನ್ನೊಂದಕ್ಕೆ ಹಾರಿದರು. "ಈ ಹೆಂಗಸು ಸಹೋದರರ ಒಡಹುಟ್ಟಿದವಳು. ಒಂದೇ ಕುಟುಂಬ. ಕರಾರು ಇವಳನ್ನೂ ಕಟ್ಟುತ್ತದೆ. ಗೋಡೆ ಮುಟ್ಟಿ ಕರಾರು ಮುರಿದವರು ಅವರೇ" ಎಂದರು. ಸಹಿ ಹಾಕದ ತಾಯಿ ಕಂಪನಿಗೆ ಕರಾರು ತಾಗುವುದಿಲ್ಲ, ಸಹಿ ಹಾಕದ ಮುದುಕಿಗೆ ತಾಗುತ್ತದೆ! ನಾಚಿಕೆಗೆಟ್ಟವರ ಧೈರ್ಯ ನೋಡಿ. ಮಧ್ಯಸ್ಥರೂ ಕನ್ನಡಕ ಎತ್ತಿ ಅವರನ್ನು ಒಂದು ಗಳಿಗೆ ನೋಡಿದರು.

ನನ್ನ ಮೈ ಉರಿಯಿತು. ಎದ್ದು ನಿಂತು, ಆ ಹಾಲು ಗುಂಯ್ಗುಡುವಂತೆ, ಇಂಗ್ಲಿಷಿನಲ್ಲಿ ಹೇಳಿದೆ. "ಈಕೆಯನ್ನು ಯಾರೂ ಕೇಳಿಲ್ಲ. ಈಕೆ ಮಾತುಕತೆಗೆ ಬಂದಿಲ್ಲ. ಈ ಕರಾರಿಗೂ ಈಕೆಗೂ ಯಾವ ಸಂಬಂಧವೂ ಇಲ್ಲ. ಈ ಕರಾರಿನ ಮಟ್ಟಿಗೆ ಈಕೆ ಹೊರಗಿನವಳು." ತಿರುಗಿ ನೋಡಿದರೆ ಅಕ್ಕ ನನ್ನನ್ನೇ ನೋಡುತ್ತ ತಲೆದೂಗುತ್ತಿದ್ದಳು. ತನ್ನ ಪರವಾಗಿ ಯಾರೋ ಇಷ್ಟು ಜೋರಾಗಿ ಮಾತಾಡಿದ್ದಕ್ಕೆ ಆಕೆಗೆ ಸಂತೋಷವಾಗಿತ್ತು. ನನಗೂ ನನ್ನ ಬಗ್ಗೆ ಬಹಳ ಹೆಮ್ಮೆ ಅನಿಸಿತು.

ಗೆದ್ದೆವು. ತಾಯಿ ಕಂಪನಿ ಸಹಿ ಹಾಕದಿದ್ದರೂ ತನ್ನ ನಡತೆಯಿಂದಲೇ ಕರಾರಿನೊಳಗೆ ಬಂದಿದೆ, ಗೋಡೆ ತೆರೆದು ನೀರನ್ನು ಮೊದಲಿನಂತೆ ಬಿಡಬೇಕು ಎಂದು ತೀರ್ಪು ಬಂತು. ಒಡೆಯರು ಹೈಕೋರ್ಟಿಗೆ ಹೋಗುತ್ತೇವೆಂದು ಎರಡು ವಾರ ಗುರುಗುಟ್ಟಿದರು. ತಮ್ಮದೇ ಸಹಿಯನ್ನು ಅಲ್ಲಿ ಯಾರಾದರೂ ಓದಿ ಹೇಳಿಯಾರೆಂದು ಹೆದರಿಯೋ ಏನೋ, ತೆಪ್ಪಗಾದರು. ಅವರದೇ ಜೆಸಿಬಿ ಬಂದು ಗೋಡೆ ಒಡೆಯಿತು. ಹಿರಿಯಣ್ಣ ಫೋನು ಮಾಡಿ, "ನೀರು ಬಂತು ವಕೀಲಮ್ಮ" ಎಂದ. ನಾನು ಆ ದಿನ ಇಡೀ ವಕೀಲರ ಸಂಘಕ್ಕೆ ಈ ಕಥೆ ಹೇಳಿಕೊಂಡು ತಿರುಗಿದೆ.

ತಿಂಗಳ ನಂತರ ಅಕ್ಕ ಒಬ್ಬಳೇ ಬಸ್ಸು ಹತ್ತಿ ಬಂದು, ಮಾರುಕಟ್ಟೆಯ ಮೇಲಿನ ನನ್ನ ಕಚೇರಿಯ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಕೂತಳು. ಕಾಲುವೆಯಲ್ಲಿ ನೀರಿಲ್ಲ ಎಂದಳು. ತಮ್ಮಂದಿರು ಒರತೆಯ ಕೆಳಗೆ ಒಂದು ತೊಟ್ಟಿ ಕಟ್ಟಿ, ಮುಚ್ಚಳ ಹಾಕಿ, ಅದರಿಂದ ನಾಲ್ಕು ಪೈಪು ಎಳೆದಿದ್ದರು. ನಾಲ್ಕು ಮನೆಗೆ ನಾಲ್ಕು. ನಾನು ಅಲ್ಲೇ ಹಿರಿಯಣ್ಣನಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ.

ಆತ ಎಲ್ಲ ಕೇಳಿಸಿಕೊಂಡು ಸಮಾಧಾನವಾಗಿ ಹೇಳಿದ. "ಆರ್ಡರಲಿ ನಂಗ ನಾಲ್ಕು ಮಂದಿ ಹೆಸರು ಮಾತ್ರ ಇದೆ. ಅಕ್ಕ ಕರಾರಿಗೆ ಹೊರಗಿನವಳು ಅಂತ ಅದರಲೇ ಬರೆದಿದೆ. ಬರೆಸಿದ್ದು ನೀವೇ ಅಲ್ಲವಾ ವಕೀಲಮ್ಮ? ನಂಗ ಹುಡುಗರು ಓದಿ ಹೇಳಿದರು."

ಕರಾರಿಗೆ ಹೊರಗಿನವಳಾದರೆ ಒರತೆಗೂ ಹೊರಗಿನವಳೇನೋ ಎಂದು ಕೂಗಿದೆ. ಅವಳ ಅಪ್ಪ ಕೊಟ್ಟ ಹೊಲ, ಹಳೆಯ ಕಾಲುವೆ ಎಂದೆಲ್ಲ ಕೂಗಿದೆ. ಆತ ಫೋನು ಇಟ್ಟಿದ್ದ. ಬಾಯಿಮಾತೇ ಕಟ್ಟು ಎಂದು ನನಗೆ ಪಾಠ ಹೇಳಿದ್ದ ಮನುಷ್ಯ ಈಗ ಕಾಗದ ಓದಲು ಕಲಿತುಬಿಟ್ಟಿದ್ದ. ಆ ಒಡೆಯರಿಂದ ಈತ ಕಲಿತದ್ದು ಅದೊಂದೇ. ಅವರನ್ನು ಕಂಡು ಬಂದ ಹೇಸಿಗೆ ಇವನನ್ನು ನೆನೆದೂ ಬಂತು.

ಅಕ್ಕ ಮುಂಡಿನ ತುದಿಯ ಗಂಟಿನಿಂದ ಮಡಿಸಿದ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. "ನನ್ನ ಕೇಸು ನೀನೇ ಹಾಕು. ಎಲ್ಲಿ ಕೈ ಹಾಕೋಣ ಹೇಳು, ಹಾಕುತ್ತೇನೆ."

ಆಗುವುದಿಲ್ಲ ಎಂದು ಹೇಳಬೇಕಾಯಿತು. ಅದೇ ನೀರಿನ ವಿಷಯದಲ್ಲಿ ನಾನು ತಮ್ಮಂದಿರ ವಕೀಲಳು. ಅವರ ಮೇಲೆ ಇನ್ನೊಬ್ಬರ ಪರವಾಗಿ ನಿಲ್ಲಲು ನನ್ನ ವೃತ್ತಿಯ ನಿಯಮ ಬಿಡುವುದಿಲ್ಲ. ಒಳ್ಳೆಯ ಬೇರೊಬ್ಬರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ಕಾಲುವೆಯ ಹಕ್ಕಿಗೆ ಬೇರೆ ದಾವೆ ಹಾಕಬಹುದು, ಗೆಲ್ಲಲೂಬಹುದು ಎಂದೆಲ್ಲ ವಿವರಿಸಿದೆ. ಆಕೆ ಅರ್ಧ ಮಾತ್ರ ಕೇಳಿಸಿಕೊಂಡಳು.

"ಆ ದಿನ ಹೋಟೆಲಲಿ ನೀ ಎದ್ದು ಕೂಗಿದೆಯಲ್ಲ," ಎಂದಳು, "ಆಗ ಹೇಳಿದ್ದಾ ನಾ ಹೊರಗಿನವಳು ಅಂತ?"

ಹೌದು ಎಂದೆ.

"ನಾ ತಲೆ ಆಡಿಸಿದೆ," ಎಂದಳು ಅಕ್ಕ. ಆಧಾರ್ ಕಾರ್ಡನ್ನು ಮತ್ತೆ ಮುಂಡಿನ ತುದಿಗೆ ಕಟ್ಟಿಕೊಂಡು, ಆ ಬೇರೆ ವಕೀಲರ ಕಚೇರಿ ಎಷ್ಟು ಮೆಟ್ಟಿಲ ಮೇಲಿದೆ ಎಂದು ಕೇಳಿದಳು.